ಬೂದಿ ಲೆಕ್ಕ

ಡಿಂಬುಲಾದ ಹೊರಗೆ, ಕಾಲುವೆ ದಾಟಿದ ಮೇಲೆ,
ಬ್ಯಾಂಕಿನ ಬಿಳಿ ಕಾರು ನಿಲ್ಲಿಸಿ ಇಳಿದರೆ
ಮೊದಲು ಮೂಗಿಗೆ ಬಡಿಯುವುದು ಗಂಧಕ.
ಆಮೇಲೆ ಹೂವಿನ ವಾಸನೆ, ಇದ್ದರೆ.
ಈ ಸಲ ಇಲ್ಲ.

ನನ್ನ ಕೆಲಸ ಮರ ಎಣಿಸುವುದು.
ಸಾಲಿಗೆ ಅರವತ್ತು, ಸಾಲು ನೂರ ಹತ್ತು;
ಪ್ರತಿ ಹತ್ತನೆಯ ಮರದ ಕೆಳಗೆ ನಿಂತು, ಕತ್ತು ಮೇಲೆತ್ತಿ,
ಗೊಂಚಲಲ್ಲಿ ಎಷ್ಟು ಬದುಕಿದೆ ಎಷ್ಟು ಸುಟ್ಟಿದೆ
ಅಂತ ಫಾರಂನಲ್ಲಿ ಗೀಟು ಹಾಕುವುದು.
ಬೂದಿರೋಗ ಸದ್ದು ಮಾಡುವುದಿಲ್ಲ.
ರಾತ್ರಿ ಯಾರೋ ಅಕ್ಕಿಹಿಟ್ಟಿನ ಕೈ ತೊಳೆಯದೆ
ಒಂದೊಂದು ಮೊಗ್ಗನ್ನೂ ಮುಟ್ಟಿ ಹೋದ ಹಾಗೆ
ಬಿಳಿ ಬೆರಳಚ್ಚು.
ವಾರದಲ್ಲಿ ಅದೇ ಕಂದು, ಆಮೇಲೆ ಕಪ್ಪು.
ತಾಗಿದರೆ ಉದುರುತ್ತದೆ, ಟೀಪುಡಿಯ ಹಾಗೆ.

"ಅಪ್ಪನ ಹೊಗೆಸೊಪ್ಪಿಗೆ ನೀಲಿ ಬೂಷ್ಟು,
ನನ್ನ ಗೇರಿಗೆ ಬಿಳಿ," ಎಂದಳು ಲೂಯಿಜಾ ತ್ರೊಯಾನಿ,
ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಕೂತು ಬೂಟು ಕೊಡವುತ್ತ.
"ಮಗಳು ಏನು ನೆಟ್ಟರೂ ಬಣ್ಣ ಮೊದಲೇ ಆರಿಸಿಕೊಳ್ಳಲಿ."
ನಕ್ಕಳು. ನಾನೂ ನಕ್ಕೆ.
ನಗುವಿಗೆ ಫಾರಂನಲ್ಲಿ ಕಾಲಂ ಇಲ್ಲ.

ಹೋದ ವರ್ಷ ಎಂಬತ್ತು ಟನ್ನು. ಈ ವರ್ಷ ಹತ್ತೊಂಬತ್ತು
ಆದೀತು, ಗಾಳಿ ಸುಮ್ಮನಿದ್ದರೆ.
ಬೀಜ ಒಡೆಯುವ ಶೆಡ್ಡಿಗೆ ಬೀಗ.
ಟೋಂಗಾದಿಂದ ಬರಬೇಕಿದ್ದ ಹನ್ನೊಂದು ಮಂದಿಯ ಟಿಕೆಟ್ಟು ರದ್ದು.
ಸಿಯೋನೆ ಅಲ್ಲಿಂದ ಮೆಸೇಜು ಕಳಿಸಿದ್ದಾನಂತೆ:
ಮನೆಗೆ ತಗಡು ಅರ್ಧ ಹೊದಿಸಿ ನಿಲ್ಲಿಸಿದ್ದೇನೆ, ಮರ ಹೇಗಿದೆ?
ಮೋಟೆಲಿನಲ್ಲಿ ಹಾಸಿಗೆ ಖಾಲಿ, ಬೇಕರಿಯಲ್ಲಿ ಪೈ ಉಳಿಯುತ್ತದೆ.
ಔಷಧಿ ಮಾರುವ ಕೀತ್‌ಗೆ ಮಾತ್ರ ಸುಗ್ಗಿ;
ಅವನೂ ಕಡ ಬರೆದುಕೊಂಡೇ ಮಾರಿದ್ದು, ಹಾಗಾಗಿ
ಅದೂ ಸುಗ್ಗಿಯಲ್ಲ.
ಇಷ್ಟಕ್ಕೂ ಆದದ್ದೇನು? ಜುಲೈನಲ್ಲಿ
ನಾಲ್ಕು ದಿನ ಇಬ್ಬನಿ, ಮೋಡ.

ಗೇರು ಅಂದೆನೇ ನಾನು? ಅವಳು ಅಂದಿದ್ದು ಕ್ಯಾಶ್ಯೂ.
ಗಂಡನ ಕಡೆಯವರು ಗೋಡಂಬಿ ಅನ್ನುತ್ತಾರೆ,
ಪಾಯಸಕ್ಕೆ ಎಣಿಸಿ ಹಾಕುತ್ತಾರೆ.
ಅಬ್ಬಿಗೆ ಅದು ಬರೀ ಬೀಜ.
ಕೋಟೇಶ್ವರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಸುಲಿದಳು, ಕಿಲೋ ಲೆಕ್ಕ.
ಇಡಿಗೆ ಒಂದು ದರ, ಅರೆಗೆ ಒಂದು, ಚೂರಿಗೆ ಬೈಗುಳ.
ಸಿಪ್ಪೆಯೆಣ್ಣೆ ತಿಂದು ತಿಂದು
ಬೆರಳ ಗೆರೆಯೆಲ್ಲ ಅಳಿಸಿ
ಆಧಾರ್ ಯಂತ್ರ ಮೂರು ಸಲ ಕೆಂಪಾಯಿತು.
"ಹಂಗಾರೆ ನಾನೇ ಇಲ್ಯಾ?"
ಆ ಹುಡುಗನ ಹತ್ತಿರ ಕೇಳಿದ್ದಳು.

ಅವಳ ಕಾರ್ಖಾನೆಗೂ ಬೀಜ ಬರುತ್ತಿದ್ದುದು ಹಡಗಿನಲ್ಲಿ,
ಅವಳು ಹೆಸರೂ ಕೇಳದ ದೇಶಗಳಿಂದ.
ಎಲ್ಲೋ ಯಾವುದೋ ತೋಟಕ್ಕೆ ಬೂಷ್ಟು ಹಿಡಿದ ವರ್ಷ
ಮೇಸ್ತ್ರಿ ಬಾಗಿಲಲ್ಲಿ ನಿಂತು
ನಾಳೆಯಿಂದ ಬರಬೇಡಿ ಅಂದ. ಕಾರಣ ಹೇಳಲಿಲ್ಲ.
ಆ ಮಳೆಗಾಲವಿಡೀ ನಾವು ಗಂಜಿಗೆ
ಉಪ್ಪಿನಕಾಯಿಯ ರಸ ಮಾತ್ರ ಬಿಟ್ಟುಕೊಂಡು ಉಂಡೆವು,
ಹೋಳು ನಾಳೆಗಿರಲಿ ಅಂತ.

ಕಾರಣ ಇದು.
ಮೂವತ್ತು ವರ್ಷ ತಡವಾಗಿ
ಭೂತಗನ್ನಡಿಯಲ್ಲಿ ನೋಡಿದೆ:
ಇಷ್ಟು ಸಣ್ಣದು.

ಸಾಲು ಎಪ್ಪತ್ತಮೂರು. ನೆತ್ತಿಯ ಮೇಲೆ ಬಿಸಿಲು.
ನಾಲ್ಕನೆಯ ಮರ, ಏಕೋ,
ನಸುಗೆಂಪು ಹೂ ತುಂಬಿ ನಿಂತಿದೆ, ಜೇನು ಮುತ್ತಿದೆ.
ಕೊಂಬೆಗೆ ನೀಲಿ ಹುರಿ; ಲೂಯಿಜಾ ಆಗಲೇ ನೋಡಿಟ್ಟಿದ್ದಾಳೆ.
ಅದರ ಕಡ್ಡಿ ಕಸಿ ಕಟ್ಟಿದರೆ ಫಸಲಿಗೆ ನಾಲ್ಕು ವರ್ಷ.
ನಮ್ಮ ಬ್ಯಾಂಕು ಕೊಡುವುದು ತೊಂಬತ್ತು ದಿನ.
ನನ್ನ ಹತ್ತಕ್ಕೊಂದರ ಎಣಿಕೆಯಲ್ಲಿ ಅದು ಸಿಕ್ಕುವುದಿಲ್ಲ,
ಸಿಕ್ಕಿದರೂ ಸರಾಸರಿಯಲ್ಲಿ ಮುಳುಗುತ್ತದೆ.

ಬೆಲೆ ಬರೆದೆ. ಬರೆಯಲೇಬೇಕಾದದ್ದನ್ನೇ ಬರೆದೆ.
ಷರಾ ಅಂತ ಇದ್ದ ಕಡೆ:
ಸಾಲು ಎಪ್ಪತ್ತಮೂರು, ಮರ ನಾಲ್ಕು. ನೋಡುವುದು.
ಹಾಳೆ ಮಡಚುವಾಗ ಅಂಚಿಗೆ
ನನ್ನ ಹೆಬ್ಬೆರಳ ಬಿಳಿ ಗುರುತು ಬಿತ್ತು,
ಗೆರೆ ಗೆರೆಯಾಗಿ, ಪೂರ್ತಿ.
ಒರೆಸಲು ಹೋದವಳು ಬಿಟ್ಟೆ.